ಅರವತ್ತರ ಹೊಸ್ತಿಲಲ್ಲಿ ಡಿಜೆ

ನಮ್ಮ ಮೈದುನನನ್ನು ನೀವು ನೋಡಿಲ್ಲವೆಂದರೆ ನಿಮ್ಮ ಪುಣ್ಯ ದೊಡ್ಡದು. ಕೇಳಿಯೂ ಇಲ್ಲವೆಂದರೆ ನೀವು ಆದೋನಿ ಕಡೆಯವರೇ ಅಲ್ಲ! ನಾನು ಸೊಸೆಯಾಗಿ ಬಂದಾಗ ಚಡ್ಡಿ ಹಾಕುತ್ತಿದ್ದವನು. ಈಗ ಅರವತ್ತರ ಹೊಸ್ತಿಲಲ್ಲಿ, ಹಣೆಗೆ ಅಂಗಾರ, ತಲೆಗೆ ಹಿಂದುಮುಂದಾದ ಟೋಪಿ! ಪಂಚಾಂಗ ಓದುವ ಮನೆತನದಲ್ಲಿ ಹಿಪ್-ಹಾಪ್ ಡಿಜೆ!

ನನ್ನನ್ನು ತಂದೆ ಗಡಿಯಾರ ನೋಡಿ ಬೆಳೆಸಿದರು. ಯಾವ ಹೊತ್ತಿಗೆ ಯಾವ ಕೆಲಸವೋ ಆ ಹೊತ್ತಿಗೆ ಅದು. ಆದರೆ ನಾನು ದೇವರ ಮುಂದೆ ಕಣ್ಣು ಮುಚ್ಚುವುದೇ ತಡ, ಪಕ್ಕದ ಕೋಣೆಯಲ್ಲಿ ಧಡ್ ಧಡ್ ಶುರು. ಹಾಡಿನ ಕಪ್ಪು ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಕರಕರ ಕೆರೆಯುತ್ತಾನೆ. ಅದು ಕಲೆಯಂತೆ! ಇಷ್ಟು ವರ್ಷ ದೋಸೆ ಹೆಂಚು ಕೆರೆದ ನನಗೆ ಯಾರಾದರೂ ಶಾಲು ಹೊದಿಸಿದರೇ?

ಇನ್ನು ಅವನ ಮಿಕ್ಸ್‌ಟೇಪು. ಕಂಡಕಂಡ ಹಾಡುಗಳ ತುಂಡು, ನಡುನಡುವೆ ಊರಿನ ಸದ್ದು, ಎಲ್ಲ ಸೇರಿಸಿ ಹೊಲಿದ ಕೌದಿ. ಹಿಂದೆ ಕ್ಯಾಸೆಟ್ಟು, ಈಗ ಪೆನ್‌ಡ್ರೈವು. ಶೇರ್ ಆಟೋದವರಿಗೆಲ್ಲ ಪುಕ್ಕಟೆ ಹಂಚುತ್ತಾನೆ. ಒಮ್ಮೆ ಚಿಪ್ಪಗಿರಿಗೆ ಆಟೋದಲ್ಲಿ ಹೊರಟಿದ್ದೆ. ಡೋಲಿನ ಪೆಟ್ಟಿನ ನಡುವೆ ಒಂದು ಹೆಂಗಸಿನ ಗುಡುಗು: "ಕಾಲು ತೊಳಕೊಳ್ಳದs ಒಳಗ ಬಂದ್ಯೇನೋ ಭಾಡ್ಕಾವ್!" ನನ್ನದೇ ಗಂಟಲು! ಹಿಂದೆ ಕೂತವರೆಲ್ಲ ತಲೆದೂಗುತ್ತಿದ್ದಾರೆ.

"ಪಾಟ ಸೂಪರ್ ಹಿಟ್ ಐತ್ರಿ ಅಮ್ಮಾ!" ಎಂದ ಡ್ರೈವರ್, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. "ಯಾರೋ ಏಮೋ, ಈ ಮುದುಕಿ ಬೈದ್ರ ಮೈ ಜುಮ್ ಅಂತೈತಿ!"

ಅವನನ್ನು ಅಲ್ಲೇ ಇಳಿಸಿ ಬೈಯಬೇಕೆನಿಸಿತು. ಆದರೆ ಬಾಯಿ ತೆರೆದರೆ ಗುರುತು ಸಿಗುತ್ತದಲ್ಲ! ಊರು ಬರುವವರೆಗೆ ಮೌನವ್ರತ.

ಬರಬರುತ್ತಾ ಮನೆಯಲ್ಲಿ ಮೈದುನನ ಸದ್ದು ಏರತೊಡಗಿತು. ಡಬ್ಬಿಯ ಮುಚ್ಚಳಗಳೂ ಕುಣಿಯುತ್ತಿದ್ದವು. "ಏನೋ, ನಿನಗ ಕಿವಿ ಅದಾವೇನು ಇಲ್ಲೇನು?" ಎಂದೆ. ಅವನು ನಕ್ಕು ಇನ್ನಷ್ಟು ಏರಿಸಿದ. ಎಷ್ಟು ಕೊಬ್ಬು!

ಆಮೇಲೆ ಕೋಸಗಿಯ ಮದುವೆ. ಡಿಜೆ ಎಂದರೆ ಒಂದು ಕಿವಿ ಜನ ಕೇಳುವ ಹಾಡಿಗೆ, ಇನ್ನೊಂದು ಹೆಡ್‌ಫೋನಿನಲ್ಲಿ ಬರಲಿರುವ ಹಾಡಿಗೆ. ಎರಡರ ತಾಳ ಕೂಡಿದಾಗ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬೇಕು. ಅಂದು ಎರಡು ಹಾಡೂ ಟಗರಿನ ಹಾಗೆ ಢಿಕ್ಕಿ ಹೊಡೆದವು. ಕುಣಿಯುತ್ತಿದ್ದ ಬೀಗರು ಒಬ್ಬರ ಮೇಲೊಬ್ಬರು. ಮದುಮಗನ ಮಾವ ಬಂದು, "ಸ್ವಾಮೀ, ಇನ್ನೊಮ್ಮೆ ಹಿಂಗಾದ್ರ ನಿಮ್ಮನ್ನ ಯಾರೂ ಕರಿಯಂಗಿಲ್ರಿ" ಎಂದರಂತೆ. ಮರುದಿನ ಡಾಕ್ಟರು ನೋಡಿ, ಎಡಗಿವಿ ಹೋಗೇಬಿಟ್ಟಿದೆ ಎಂದರು.

"ಬಿಟ್ಟುಬಿಡೋ," ಎಂದೆ. "ಈಗರ ಮನಿ ಶಾಂತ ಇರ್ಲಿ."

"ಮದ್ದಿಕೇರದಾಗ ಒಂದು ಮದುವಿ ಒಪ್ಕೊಂಡೀನಿ ವೈನಿ. ಅದೂ ಕೆಟ್ರ ಬಿಡ್ತೀನಿ."

ಕೆಡುವುದನ್ನು ಕಣ್ಣಾರೆ ಕಂಡು ಕೈಹಿಡಿದು ಮನೆಗೆ ಎಳೆದು ತರೋಣವೆಂದು ನಾನೂ ಹೋದೆ. ಚಪ್ಪರದ ಮೂಲೆಯಲ್ಲಿ ಅವನು ಯಂತ್ರದ ಮುಂದೆ ನಿಂತಿದ್ದ. ಕುಣಿಯುವವರು ತುಂಬಿದ್ದರು. ಹಾಡು ಮುಗಿಯುತ್ತಾ ಬಂತು. ಅವನು ಹೆಡ್‌ಫೋನನ್ನು ಬಲಗಿವಿಗೆ ಒತ್ತಿದ, ತೆಗೆದ, ಮತ್ತೆ ಒತ್ತಿದ. ಇದ್ದ ಒಂದು ಕಿವಿ ಒಳಗೋ ಹೊರಗೋ? ನನ್ನ ಕಡೆ ತಿರುಗಿದ.

"ವೈನೀ, ಹೊರಗಿನ ತಾಳ ಸಿಗವಲ್ದು," ಎಂದ, ಚಡ್ಡಿ ಹುಡುಗನ ದನಿಯಲ್ಲಿ.

ಏನು ಹೇಳಲಿ ಇಂಥವನಿಗೆ! "ನೀ ಒಳಗಿಂದು ಕೇಳು. ಹೊರಗಿಂದು ನಾ ನೋಡ್ಕೋತೀನಿ," ಎಂದು ಗದರಿ, ಹಿಂದೆ ನಿಂತು, ಭಜನೆಗೆ ತಾಳ ಹಾಕುವ ಹಾಗೆ ಅವನ ಭುಜದ ಮೇಲೆ ಬಡಿಯತೊಡಗಿದೆ. ಅವನು ಕಣ್ಣು ಮುಚ್ಚಿದ. ತಟ್ಟೆ ಸ್ವಲ್ಪ ಹಿಂದೆ ಸರಿಯಿತು, ಸ್ವಲ್ಪ ಮುಂದೆ. ಹಳೆಯ ಹಾಡಿನೊಳಗಿಂದ ಹೊಸ ಹಾಡು ಮೆಲ್ಲಗೆ ಎದ್ದು ಬಂತು. ಕುಣಿಯುವವರ ಒಂದು ಹೆಜ್ಜೆಯೂ ತಪ್ಪಲಿಲ್ಲ.

ಹಾಡು ಕೂಡಿಯಾಗಿತ್ತು. ಇನ್ನು ನಾನು ಕೈ ತೆಗೆಯಬಹುದಿತ್ತು.

ತೆಗೆಯಲಿಲ್ಲ.