ಮಗಳು ಪ್ರೋಮೋ ಬರೆಯುತ್ತಾಳೆ

ಮಗಳು ಟೀವಿ ಧಾರಾವಾಹಿಗೆ ಪ್ರೋಮೋ ಬರೆಯತೊಡಗಿದ ಮೇಲೆ ನಾರಾಯಣಪೇಟೆಯ ನಮ್ಮ ಓಣಿಗೆ ನೆಮ್ಮದಿಯಿಲ್ಲ, ನನಗೆ ಬಿಡುವಿಲ್ಲ. ಶುರುವಾದದ್ದು ಒಂದು ಸಾಧಾರಣ ಮಂಗಳವಾರ. ಏಳನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಕಷಾಯ

ಪಕ್ಕದ ಮನೆಯ ಸೊಸೆ ಬಂದು ಬಾಗಿಲಲ್ಲಿ ನಿಂತಳು.

"ಮಾಸ್ತರ್ರೀ, ಮಗಳಿಗೆ ಫೋನ್ ಹಚ್ರಿ. ನಾಳಿ ಧಾರಾವಾಹ್ಯಾಗ ಸೊಸಿ ಅತ್ತಿಗೆ ವಿಷ ಕೊಡ್ತಾಳೋ ಇಲ್ಲೋ?"

"ಅದನ್ನ ಈಗ ಹೇಳಿದ್ರ ನಾಳಿ ಯಾರು ನೋಡ್ತಾರವ್ವ?"

"ನೋಡೋದಿರ್ಲಿ ರೀ. ನಮ್ಮತ್ತಿ ನಿನ್ನಿ ಪ್ರೋಮೋ ನೋಡಿದಾಗಿಂದ ನನ್ನ ಕೈಯಾಗಿನ ಚಾ ಮುಟ್ಟವಲ್ರು!"

ಮರುದಿನ ಧಾರಾವಾಹಿ ನೋಡಿದರೆ ಸೊಸೆ ಕೊಟ್ಟ ಲೋಟದಲ್ಲಿದ್ದದ್ದು ಜೀರಿಗೆ ಕಷಾಯ. ಪಕ್ಕದ ಮನೆಯ ಅತ್ತೆ ಈಗ ಚಹಾ ಬಿಟ್ಟು ದಿನಾ ಕಷಾಯವನ್ನೇ ಕೇಳುತ್ತಾರೆ.

ಹಾಜರಿ

ತರಗತಿಯಲ್ಲಿ ಒಬ್ಬ ಹುಡುಗಿಗೆ ಕಥೆ ಹೇಳಲು ಹೇಳಿದೆ. ರಾಜ ಬಾವಿಗೆ ಬಿದ್ದ ಕೂಡಲೇ ಕುಳಿತುಬಿಟ್ಟಳು.

"ಮುಂದೇನಾತವ್ವ?"

"ನಾಳಿ ರೀ ಸರ್. ನಿಮ್ಮ ಮಗಳೂ ಹಂಗೇ ಅರ್ಧಕ್ಕ ಬಿಡ್ತಾರಲ್ರಿ."

ಬೈಯಬೇಕಿತ್ತು. ಆದರೆ ಮರುದಿನ ಒಂದು ಮಗುವೂ ಶಾಲೆ ತಪ್ಪಿಸಲಿಲ್ಲ. ಮೂವತ್ತು ವರ್ಷ ನನ್ನ ಪಾಠದಿಂದ ಆಗದ್ದು ಅದು. ಆ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಮುಖ್ಯೋಪಾಧ್ಯಾಯರಿಗೆ ಮಾತ್ರ ಎರಡು ಸಲ ಹೇಳಿದೆ.

ಬೆಂಕಿ

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿದಾಗ ಮಗಳು ಬಂದಿದ್ದಳು. ನಮ್ಮ ಓಣಿಯಲ್ಲೇ ನೇಯ್ದ ಅಮ್ಮನ ರೇಷ್ಮೆ ಸೀರೆಯೊಂದನ್ನು ಕೇಳಿದಳು. "ನಾಯಕಿಗೆ ಉಡಿಸ್ತೀನಪ್ಪ. ಅಮ್ಮ ಟೀವಿಯಾಗ ಬಂದಂಗಾಗ್ತೈತಿ." ಕೊಟ್ಟೆ.

ತಿಂಗಳಾದ ಮೇಲೆ ಹೊಸ ಪ್ರೋಮೋ ಬಂತು. ನಾಯಕಿ ಅದೇ ಬಣ್ಣದ, ಅದೇ ಅಂಚಿನ ಸೀರೆಯನ್ನು ಬೆಂಕಿಗೆ ಎಸೆದಳು. "ತಾಯಿಯ ನೆನಪು ಬೂದಿಯಾಯಿತೇ?" ಎಂದು ದಪ್ಪ ಅಕ್ಷರ. ಮಗಳಿಗೆ ಏಳು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಅಷ್ಟರಲ್ಲಿ ಓಣಿಯ ನೇಕಾರರೆಲ್ಲ ಬಂದರು. ನಮ್ಮ ಊರಿನ ಸೀರೆ ಸುಡುವುದೆಂದರೇನು ಎಂದು ಕೂಗಾಟ. ಅವರ ನಡುವೆ, ಹೆಂಡತಿಯ ಆ ಸೀರೆಯನ್ನು ನೇಯ್ದ ಹಿರಿಯರು ನನ್ನ ಫೋನಿನಲ್ಲಿ ಪ್ರೋಮೋ ಹಾಕಿಸಿ ಕಣ್ಣಿಗೆ ಹತ್ತಿರ ಹಿಡಿದರು.

"ಹಿಂದಕ್ಕ ಒಯ್ರಿ. ಹಾಂ, ನಿಲ್ಲಿಸ್ರಿ. ಮಾಸ್ತರ್ರೀ, ಹೆದರಬ್ಯಾಡ್ರಿ. ಹನಿ ಹನಿ ಕರಗಿ ಸುರೀತೈತಿ, ನೋಡ್ರಿ. ರೇಷ್ಮಿ ಸುಟ್ರ ಸುರಿಯಂಗಿಲ್ಲ, ಮುದುಡಿ ಬೂದಿ ಆಗ್ತೈತಿ. ಇದು ಪಾಲಿಯೆಸ್ಟರ್ ರೀ."

ನನಗೆ ಉಸಿರು ಬಂತು. ಅವರಿಗೆ ಸಿಟ್ಟು ಬಂತು.

"ನಮ್ಮೂರ ಸೀರಿ ಅಂತ ನಕಲಿ ಮಾಲು ಸುಡ್ತಾರಾ? ಸುಟ್ರ ಅಸಲಿ ಸುಡ್ರಿ ಅಂತ ಮಗಳಿಗೆ ಹೇಳ್ರಿ!"

"ಆಗಲಿ. ನಿಮ್ಮ ಮಗ್ಗದಾಗಿಂದು ಒಂದು ಕೊಡ್ರಿ, ಕಳಿಸ್ತೀನಿ."

ಹಿರಿಯರು ಎದೆ ಹಿಡಿದುಕೊಂಡರು. "ಸುಡಾಕಾ? ತಲಿ ಕೆಟ್ಟೈತೇನ್ರಿ ನಿಮಗ?"

ಸಂಜೆ ಮಗಳು ಫೋನ್ ಮಾಡಿದಳು. "ಅಪ್ಪಾ, ಪ್ರೋಮೋ ಹೆಂಗಿತ್ತು?"

"ಭಾಳ ಚಲೋ ಇತ್ತವ್ವ," ಎಂದೆ.

ಸೋಮವಾರ ಬಸ್ಸಿನ ಪಾರ್ಸಲ್‌ನಲ್ಲಿ ನಾನು ಕೊಟ್ಟ ಸೀರೆ ಮರಳಿ ಬಂತು. ಅಂಚಿನ ಒಳಗೆ ನನ್ನ ಹೆಂಡತಿ ಕೈಯಿಂದ ಹೊಲಿದ ಫಾಲ್ ಹಾಗೇ ಇತ್ತು.