ಚಿತ್ರಕ್ಕೆ ಗಡಿಯಾರ ಕೂಡಿಸಿದ್ದು

ಚಿತ್ರ ಬರೆಯುವವನಿಗೆ ಬೈಗುಳವೂ ಅಷ್ಟು ನೋಯುವುದಿಲ್ಲ. ಅವನ ಚಿತ್ರದ ಕೆಳಗೇ ಕೂತು ಚಹಾ ಕುಡಿದು, ಒಮ್ಮೆಯೂ ತಲೆ ಎತ್ತದೆ ಎದ್ದು ಹೋಗುವ ನೆಂಟರಿದ್ದಾರಲ್ಲ, ಅದು ನೋಯುತ್ತದೆ. ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ಮನೆ ಇಳಕಲ್ಲಿನಲ್ಲಿ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದ ಮಾಸ್ತರರು ನನ್ನ ಪಿರಿಯಡ್ಡನ್ನು ಕೇಳಿ ಪಡೆಯುವುದೂ ಇಲ್ಲ. ಸೀಮೆಸುಣ್ಣ ಹಿಡಿದು ಬಾಗಿಲಲ್ಲಿ ನಿಂತು, "ನೀವು ಆರಾಮ ಕುಂದರ್ರಿ" ಎನ್ನುತ್ತಾರೆ. ಹೀಗೆ ಆರಾಮಾಗಿ ಕೂತು ಕೂತೇ ನನ್ನ ಅರ್ಧ ತಲೆ ನರೆತಿದೆ. ಮನೆಯ ಗೋಡೆಯ ಮೇಲಾದರೂ ಮರ್ಯಾದೆ ಸಿಕ್ಕೀತೆಂದು ಬಾದಾಮಿಯ ಕೆರೆ ಬರೆದು ತೂಗುಹಾಕಿದರೆ, ನನ್ನ ಹೆಂಡತಿ ಸುವರ್ಣಾ ಅದೇ ಮೊಳೆಗೆ ಸಂತೆಯ ಚೀಲ ಸಿಕ್ಕಿಸಿದಳು.

ನಮ್ಮ ಕಡೆ ವಾಸ್ತುಶಾಂತಿಗೆ ಹೋದರೂ, ಮಾಸ್ತರರು ರಿಟೈರ್ ಆದರೂ ಕೊಡುವುದು ಗೋಡೆ ಗಡಿಯಾರವನ್ನೇ. ಕೊಟ್ಟವರೂ ಪಡೆದವರೂ ಅದನ್ನು ದಿನಕ್ಕೆ ಹತ್ತಾರು ಸಲ ನೋಡುತ್ತಾರೆ. ಪ್ಲಾಸ್ಟಿಕ್ಕಿನ ಆ ದುಂಡು ವಸ್ತುವಿನ ಮೇಲೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಚಿತ್ರಕ್ಕೇ ಗಡಿಯಾರ ಕೂಡಿಸಿದರೆ ನೋಡದೆ ಎಲ್ಲಿ ಹೋಗುತ್ತಾರೆ ಎಂದು ಹಲ್ಲು ಕಡಿದು, ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಕೂತೆ. ಬಾದಾಮಿಯ ಕೆಂಪು ಮಣ್ಣನ್ನು ಜರಡಿ ಹಿಡಿದು, ಅಂಟಿನಲ್ಲಿ ಕಲಸಿ ಕ್ಯಾನ್ವಾಸಿಗೆ ಬಳಿದೆ. ಸುವರ್ಣಾಳ ಹರಿದ ಇಳಕಲ್ ಸೀರೆಯ ಕೆಂಪು ಸೆರಗನ್ನು ಬೇಡಿ ತಂದು ಅದರ ಮೇಲೆ ಅಂಟಿಸಿದೆ. ಅಂಕಿಗಳ ಜಾಗದಲ್ಲಿ ಪಾಲಿಶ್ ಕಾರ್ಖಾನೆಯವರು ಹೊರಗೆ ಎಸೆದಿದ್ದ ಗ್ರಾನೈಟ್ ಚೂರುಗಳನ್ನಿಟ್ಟೆ. ನಡುವೆ ತೂತು ಕೊರೆದು ಪೇಟೆಯಿಂದ ತಂದ ಗಡಿಯಾರದ ಮಷಿನ್ನು ಕೂಡಿಸಿದೆ. ಮೊದಲ ದಿನ ನಿಮಿಷದ ಮುಳ್ಳು ಸೆರಗಿನ ದಾರಕ್ಕೆ ಸಿಕ್ಕಿ ಒದ್ದಾಡಿತು. ದಾರ ಕತ್ತರಿಸಿ ಗೋಡೆಗೆ ತೂಗುಹಾಕಿದ ಮೇಲೆ ಸುಮ್ಮನೆ ಓಡತೊಡಗಿತು.

ಸುವರ್ಣಾ ನೋಡಿ, "ಚಲೋ ಆಗೇತ್ರಿ" ಎಂದಳು. ಎಂದವಳೇ ಸ್ಟೂಲು ಹತ್ತಿ ಮುಳ್ಳನ್ನು ಹತ್ತು ನಿಮಿಷ ಮುಂದಿಟ್ಟಳು. ನನ್ನ ಹುನಗುಂದದ ಬಸ್ಸು ತಪ್ಪಬಾರದೆಂದು ನಮ್ಮ ಮನೆಯ ಗಡಿಯಾರ ಯಾವಾಗಲೂ ಅಷ್ಟು ಮುಂದೆ. ನನ್ನ ಕಲಾಕೃತಿಯೂ ಹೀಗೆ ಮೊದಲ ದಿನವೇ ಸುಳ್ಳು ಹೇಳಲು ಕಲಿಯಿತು.

ಮೊದಲು ನೋಡಿದವನು ಬಾದಾಮಿಯಿಂದ ಬಂದ ಅವಳ ತಮ್ಮ. ಅವನು ತಲೆ ಎತ್ತಿದ. ಕೈಗಡಿಯಾರ ನೋಡಿಕೊಂಡು, "ಮಾಮಾರ, ನಿಮ್ಮದು ಜೋರ ಐತಲ್ರಿ" ಎಂದ. ಹತ್ತು ನಿಮಿಷ ಮುಂದಿಟ್ಟಿದ್ದೇವೆ ಎಂದೆ. "ಹಂಗಾರ ಇನ್ನೊಂದು ಕಪ್ ಚಹಾ ಆಗ್ತೈತಿ ಬಿಡ್ರಿ" ಎಂದು ಮತ್ತೆ ಕೂತ. ನೆರೆಮನೆಯ ಫಕೀರಪ್ಪನವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಸಜ್ಜಾಗಿ ನಿಂತೆ. "ಮಾಸ್ತರ, ಎಲ್ಲಾ ಖರೆ, ಅಂಕಿ ಹಾಕೂದ ಮರ್ತೀರಲ್ರಿ" ಎಂದರು. ಆ ಕೆಂಪು ಎಲ್ಲಿಯದು ಎಂದು ಒಬ್ಬರೂ ಕೇಳಲಿಲ್ಲ. ಕಾರ್ಖಾನೆಯ ಧೂಳಿನಲ್ಲಿ ಕೂತು ಕಲ್ಲು ಆರಿಸಿದ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವತ್ತಿನಿಂದ ಬಂದವರ ಮುಖ ನೋಡುವುದನ್ನೇ ಬಿಟ್ಟೆ.

ಮೊನ್ನೆ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಸುವರ್ಣಾಳ ಮುಂದೆ ಎಲ್ಲ ಕಕ್ಕಿದೆ. ಈ ಊರಿಗೇ ಕಣ್ಣಿಲ್ಲ, ಎಲ್ಲರಿಗೂ ಬೇಕಾದದ್ದು ಟೈಮು, ನಿನಗೂ ಅಷ್ಟೇ ಎಂದೆ. ಅವಳು ಬುತ್ತಿಯ ಡಬ್ಬಿ ಕೈಗಿಟ್ಟು ಹೇಳಿದಳು: "ಆ ಸೆರಗಿನ ಅಂಚು ಅಂಟು ಬಿಟ್ಟು ಜೋಲಾಡಾಕತ್ತಿತ್ತು. ಹೋದ ವಾರ ಇಳಿಸಿ ಹಸಿರು ದಾರದಾಗ ಹೊಲದು ಹಾಕೀನಿ. ಕೆಂಪಿನ ಮ್ಯಾಲ ಹಸಿರು ಎದ್ದು ಕಾಣತೈತಿ. ನೀವು ದಿನಾ ಮುಂಜಾನೆ ನೋಡ್ತೀರಿ, ಇವತ್ತು ಕೇಳ್ತೀರಿ, ನಾಳೆ ಕೇಳ್ತೀರಿ ಅಂತ ಕಾದ್ನಿ."

ತಲೆ ಎತ್ತಿದೆ. ಸೆರಗಿನ ಉದ್ದಕ್ಕೂ ಹಸಿರು ಹೊಲಿಗೆ, ಒಂದೊಂದೂ ಅಕ್ಷರದ ಹಾಗೆ ಸ್ಪಷ್ಟವಾಗಿತ್ತು. ಆದರೆ ಅದು ಕಂಡದ್ದು ಆಮೇಲೆ. ಮೊದಲು ಕಂಡದ್ದು ಬಸ್ಸಿಗೆ ಹೊತ್ತಾಯಿತು ಎಂಬುದು.