ತಾಳಿ, ಅಯ್ನೋರೆ, ತಾಳಿ

ನಾನು ಚರ್ಚಿನಲ್ಲಿ ತಾಳ್ಮೆಯ ಬಗ್ಗೆ ಪ್ರಸಂಗ ಮಾಡಿದ ವಾರವೇ ನನ್ನ ತಾಳ್ಮೆಯ ಗ್ರಹಚಾರ ಕೆಡುತ್ತದೆ. ಪಾಸ್ಟರ್ ಆದವನು ಗ್ರಹಚಾರ ಅನ್ನಬಾರದು, ಆದರೆ ಬೇರೆ ಮಾತು ಹೊಳೆಯುತ್ತಿಲ್ಲ. ಹಾಡುವವರನ್ನು ಮೈಕಿನಲ್ಲೇ ಬೈದೆನೆಂದು ಒಮ್ಮೆ ದೂರು ಹೋಯಿತು. ನಮ್ಮ ಹಿರಿಯ ಪಾಸ್ಟರು ಕರೆಸಿ, "ಇನ್ನೊಂದು ದೂರು ಬಂದ್ರೆ ಟ್ರಾನ್ಸ್‌ಫರ್" ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ದೇವ್ರು ನಿಮ್ಮನ್ನ ಐವತ್ತು ವರ್ಷದಿಂದ ತಾಳ್ಕೊಂಡಿದ್ದಾನೆ. ನೀವು ಒಂದು ನಿಮಿಷ ತಾಳಕ್ಕಾಗಲ್ವಾ?" ಎಂದು ಮದ್ದು ಹೇಳಿಕೊಟ್ಟಳು. ಸಿಟ್ಟು ಬಂದಾಗ ನನಗೆ ನಾನೇ ಬಾಯಿಬಿಟ್ಟು "ತಾಳಿ, ತಾಳಿ" ಎಂದುಕೊಳ್ಳಬೇಕಂತೆ. ಬಹುವಚನ ಯಾಕೆ ಎಂದು ಕೇಳಿದೆ.

"ಮರ್ಯಾದೆ ಬೇರೆಯವ್ರು ಯಾರೂ ಕೊಡಲ್ಲ, ನೀವೇ ಕೊಟ್ಕೊಳ್ಳಿ!"

ಹುಳ ಹಣ್ಣಾದವು

ಸಾದಲಿಯ ಒಂದು ಮನೆಯಲ್ಲಿ ಪ್ರಾರ್ಥನಾಕೂಟ. ದೇವರ ದೀರ್ಘಶಾಂತಿಯ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಬಂತು: "ಹುಳ ಹಣ್ಣಾಗ್ಬಿಟ್ವು, ಬನ್ರಪ್ಪೋ!" ರೇಷ್ಮೆಹುಳು ಹಣ್ಣಾದರೆ ಗೂಡು ಕಟ್ಟಲು ಕೂಡಲೇ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅದಕ್ಕೆ ಹತ್ತು ಕೈ ಬೇಕು. ಅದು ನನಗೂ ಗೊತ್ತು. ಆದರೂ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೋಗಿ, ಕೊನೆಗೆ ಕೂಟ ಕರೆದಿದ್ದ ಮನೆಯಾಕೆಯೂ ಸೆರಗು ಸಿಕ್ಕಿಸಿಕೊಂಡಾಗ ನನ್ನ ಕಿವಿ ಬಿಸಿಯಾಯಿತು. "ತಾಳಿ, ತಾಳಿ" ಎಂದುಕೊಂಡು, "ಆಮೆನ್ ಆದ್ರೂ ಹೇಳಿ ಹೋಗಮ್ಮ" ಎಂದೆ.

"ದೇವ್ರು ತಾಳ್ತಾನೆ ಅಂತ ನೀವೇ ಅಂದ್ರಲ್ಲ ಅಯ್ನೋರೆ. ಹುಳ ತಾಳಲ್ಲ!"

ಹತ್ತೇ ನಿಮಿಷ

ಗೌರಿಬಿದನೂರಿನಲ್ಲಿ ಆರಾಧನೆ ನಡೆಸಬೇಕಿತ್ತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ ಕೂತೆ. ಇಂಜಿನ್ ಗುಡುಗುತ್ತಿತ್ತು, ಕಂಡಕ್ಟರ್ "ಹೊರಡ್ತು, ಹೊರಡ್ತು" ಎಂದು ಕೂಗುತ್ತಿದ್ದ, ಬಸ್ಸು ಮಾತ್ರ ಅಲ್ಲೇ ಇತ್ತು. ಕೇಳಿದಾಗಲೆಲ್ಲ "ಹತ್ತೇ ನಿಮಿಷ ಸಾರ್" ಎನ್ನುತ್ತಿದ್ದ. ಮುಕ್ಕಾಲು ಗಂಟೆ ಹಾಗೇ ಕಳೆಯಿತು. ತಾಳಿ ತಾಳಿ ಎಂದು ನಾಲಿಗೆ ಒಣಗಿ, ಕೊನೆಗೆ ಎದ್ದು ನಿಂತು, "ಜನ ಕಾಯ್ತಿದ್ದಾರೆ ಕಣಯ್ಯ!" ಎಂದೆ. ಅವನು ನನ್ನ ಕೈಯಲ್ಲಿದ್ದ ಬೈಬಲ್ ನೋಡಿದ.

"ನಿಮ್ ಯೇಸುಸ್ವಾಮಿ ಮತ್ತೆ ಬರ್ತಾರೆ ಅಂತ ಎರಡು ಸಾವಿರ ವರ್ಷದಿಂದ ಕಾಯ್ತಿದ್ದೀರಲ್ಲ ಸಾರ್, ನಮಗೆ ಹತ್ತು ನಿಮಿಷ ಕೊಡಕ್ಕಾಗಲ್ವಾ?"

ಚಿಂತಾಮಣಿಯ ಮದುವೆ

ಹೆಣ್ಣು ಚಿಂತಾಮಣಿಯವಳು, ಗಂಡು ಆಂಧ್ರದ ಗಡಿಯಾಚೆಯವನು. ಮುಂದಿನ ಸಾಲಿನಲ್ಲೇ ನಮ್ಮ ಹಿರಿಯ ಪಾಸ್ಟರು ಅತಿಥಿಯಾಗಿ ಕೂತಿದ್ದರು. ಇವತ್ತೊಂದು ದಿನ ಬಾಯಿ ಜಾರದಿದ್ದರೆ ಸಾಕು ಎಂದು ಬೇಡಿಕೊಂಡೇ ಹೋಗಿದ್ದೆ. ಗಂಡಿನ ಕಡೆಯವರು ಒಂದೂವರೆ ಗಂಟೆ ತಡವಾಗಿ ಬಂದರು. ಸಹಿಸಿಕೊಂಡೆ. ಇನ್ನೇನು ವಧೂವರರ ಒಪ್ಪಿಗೆ ಕೇಳಬೇಕು, ವಿಡಿಯೋದವನು ಮೂರನೇ ಸಲ ಅಡ್ಡ ಬಂದು, "ಅಯ್ನೋರೆ, ನಿಮ್ ತಲೆ ಅಡ್ಡ ಆಗ್ತೈತೆ, ಸ್ವಲ್ಪ ಪಕ್ಕಕ್ಕೆ" ಎಂದ. ನನ್ನ ಮದುವೆಯಲ್ಲೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ತಾಳಿ! ತಾಳಿ!" ಎಂದೆ.

ಅಂದದ್ದು ನನಗೆ ನಾನೇ. ಆದರೆ ಕಾಲರಿನಲ್ಲಿ ಮೈಕ್ ಇತ್ತು. ಗಂಡಿಗೆ ತೆಲುಗು ಬಿಟ್ಟರೆ ಏನೂ ಬಾರದು, ಅವನಿಗೆ ತಾಳಿ ಎಂದರೆ ಒಂದೇ ಅರ್ಥ. ಗಾಬರಿಯಿಂದ ತಟ್ಟೆಯಲ್ಲಿದ್ದ ತಾಳಿ ತೆಗೆದು ಕಟ್ಟತೊಡಗಿದ. "ಆಗು ನಾಯನಾ, ಆಗು!" ಎಂದು ನಾನು ತೆಲುಗಿನಲ್ಲಿ ನಿಲ್ಲಲು ಹೇಳುವಷ್ಟರಲ್ಲಿ ಮೂರು ಗಂಟೂ ಬಿದ್ದಿತ್ತು, ಹೊರಗೆ ವಾಲಗ ಶುರುವಾಗಿತ್ತು.

ಹಿರಿಯ ಪಾಸ್ಟರು ಎದ್ದು ನಿಂತರು. "ಹುಡುಗಿ ಒಪ್ಪಿಗೆ ಕೇಳಿದ್ಯೇನಯ್ಯ?"

ನನ್ನ ಟ್ರಾನ್ಸ್‌ಫರ್ ಕಣ್ಣ ಮುಂದೆ ಬಂತು. ಹುಡುಗಿಯ ಕಡೆ ತಿರುಗಿ, "ಅಮ್ಮಾ, ಇವರನ್ನ ಗಂಡ ಅಂತ ಸ್ವೀಕರಿಸಕ್ಕೆ ನಿನಗೆ ಒಪ್ಪಿಗೆನಾ? ಬೇಡ ಅಂದ್ರೆ ಈಗಲೇ ಬಿಚ್ಚಿಸ್ತೀನಿ" ಎಂದೆ.

ಅವಳು ಕತ್ತಿನ ಗಂಟು ಮುಟ್ಟಿ ನೋಡಿಕೊಂಡಳು. ಬೆವರುತ್ತಿದ್ದ ಗಂಡನ್ನು ನೋಡಿದಳು.

"ಒಪ್ಪಿಗೆ ಅಯ್ನೋರೆ. ಇವ್ರು ಒಂದು ನಿಮಿಷ ತಾಳ್ಲಿಲ್ಲ, ಇನ್ಮೇಲೆ ನಾನೇ ತಾಳ್ಕೊತೀನಿ ಬಿಡಿ."

ಚರ್ಚಿಗೆ ಚರ್ಚೇ ನಕ್ಕಿತು. ಊಟದ ಸಾಲಿನಲ್ಲಿ ಹಿರಿಯ ಪಾಸ್ಟರು ನನ್ನ ಪಕ್ಕವೇ ಬಂದು ಕೂತರು. ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು.

"ದೂರೇನೂ ಇಲ್ಲ, ಉಣ್ಣಯ್ಯ" ಎಂದರು. "ಆದ್ರೆ ಇನ್ಮೇಲೆ ತಾಳ್ಮೆ ಬಗ್ಗೆ ಪ್ರಸಂಗ ಇದ್ರೆ ಆ ಹುಡುಗಿ ಕೈಲಿ ಮಾಡ್ಸು."